ಹುಟ್ಟೂರು ಕೇಳಿ ಸ್ಕ್ಯಾನ್ ಮಾಡುತ್ತೇನೆ

ಕೊಡಗಿನ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಸುತ್ತಿನ ಕಾಫಿ ತೋಟಗಳಲ್ಲಿ ಕೂಲಿಯವರಿರುವ ಲೈನ್ ಮನೆಗಳಿಂದ ನನ್ನ ಸ್ಕ್ಯಾನಿಂಗ್ ಕೋಣೆಗೆ ಬರುವವರಲ್ಲಿ ಈಗ ಅಸ್ಸಾಮಿನ ಹೆಂಗಸರು ಬಹಳ. ಚೀಟಿಯಲ್ಲಿ ‘ಹೊಟ್ಟೆನೋವು, ಗ್ಯಾಸ್ಟ್ರಿಕ್’ ಎಂದಷ್ಟೇ ಇರುತ್ತದೆ. ಹೆಸರು, ವಯಸ್ಸು ಬರೆದುಕೊಂಡ ಕೂಡಲೇ ನಾನು ಹುಟ್ಟೂರು ಕೇಳುತ್ತೇನೆ.

ಪಿತ್ತಕೋಶ ಎಂದರೆ ಪಿತ್ತಜನಕಾಂಗದ ಕೆಳಗೆ ಪಿತ್ತರಸ ತುಂಬಿಡುವ ಸಣ್ಣ ಚೀಲ. ಅದರ ಕ್ಯಾನ್ಸರ್ ನಮ್ಮ ದಕ್ಷಿಣದಲ್ಲಿ ಕಡಿಮೆ. ಉತ್ತರ ಪ್ರದೇಶ, ಬಿಹಾರ, ಬಂಗಾಳದ ಗಂಗಾ ಬಯಲಿನಲ್ಲಿ, ಅಸ್ಸಾಮಿನಲ್ಲಿ ತುಂಬಾ ಹೆಚ್ಚು. ದೂರದ ಚಿಲಿಯಲ್ಲೂ ಹಾಗೆಯೇ, ಅದರಲ್ಲೂ ಅಲ್ಲಿನ ಮಪುಚೆ ಮೂಲನಿವಾಸಿಗಳಲ್ಲಿ. ಈ ಪ್ರದೇಶಗಳಲ್ಲಿ ಗಂಡಸರಿಗಿಂತ ಹೆಂಗಸರಿಗೇ ಎರಡು ಮೂರು ಪಟ್ಟು ಬರುತ್ತದೆ. 2020ರಲ್ಲಿ ಇಡೀ ಜಗತ್ತಿನಲ್ಲಿ ಹೊಸ ರೋಗಿಗಳು ಸುಮಾರು 1.16 ಲಕ್ಷ, ಸತ್ತವರು ಸುಮಾರು 85 ಸಾವಿರ ಎಂದು ಅಂದಾಜು. ಈ ಎರಡು ಅಂಕಿ ಇಷ್ಟು ಹತ್ತಿರ ಇರುವುದು ನನ್ನನ್ನು ಕಾಡುತ್ತದೆ. ಗಂಟು ಪಿತ್ತಕೋಶದ ಗೋಡೆ ದಾಟುವ ಮೊದಲೇ ಸಿಕ್ಕರೆ ಆಪರೇಷನ್‌ನಿಂದ ಗುಣವಾಗುವವರಿದ್ದಾರೆ. ಕಾಮಾಲೆ ಹತ್ತಿ, ಮೈ ಇಳಿದು ಬಂದವರಲ್ಲಿ ಹೆಚ್ಚಿನವರಿಗೆ ಆ ಹೊತ್ತು ಮೀರಿರುತ್ತದೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಳಿಸಿ ಎಂದು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಮೊದಲೇ ಹೇಳಿರುತ್ತೇನೆ. ಹಾಲು ಹಾಕಿದ ಚಹಾ ಕುಡಿದು ಬಂದರೆ ಪಿತ್ತಕೋಶ ಕುಗ್ಗಿ, ಸರಿಯಿರುವ ಗೋಡೆಯೂ ದಪ್ಪ ಕಾಣುತ್ತದೆ. ಮೊದಲು ಅಂಗಾತ ಮಲಗಿಸಿ ನೋಡುತ್ತೇನೆ, ಆಮೇಲೆ ಎಡಕ್ಕೆ ಹೊರಳಿಸುತ್ತೇನೆ. ಒಳಗಿರುವುದು ಪಿತ್ತದ ಕಲ್ಲಾದರೆ ಜಾಗ ಬಿಟ್ಟು ಉರುಳುತ್ತದೆ, ಹಿಂದೆ ಕಪ್ಪು ನೆರಳು ಬೀಳುತ್ತದೆ. ಪಾಲಿಪ್, ಅಂದರೆ ಒಳಗೋಡೆಯಿಂದ ಬೆಳೆದ ಸಣ್ಣ ಗುಬುಟು, ಅಂಟಿಕೊಂಡೇ ಇರುತ್ತದೆ, ನೆರಳಿಲ್ಲ. 10 ಮಿಲಿಮೀಟರ್ ಮುಟ್ಟಿದರೆ ಸರ್ಜನ್ ಹತ್ತಿರ ಕಳಿಸುತ್ತೇನೆ. ಕಷ್ಟ ಇರುವುದು ಪಿತ್ತಕೋಶ ಪೂರ್ತಿ ಕಲ್ಲು ತುಂಬಿಕೊಂಡಾಗ. ಆ ನೆರಳಿನ ಹಿಂದಿನ ಗೋಡೆ ಕಾಣುವುದೇ ಇಲ್ಲ, ಗಂಟು ಅಲ್ಲೇ ಅಡಗಿರಬಹುದು. ಅಂಥವರಿಗೆ ‘ಬರೀ ಕಲ್ಲು’ ಎಂದು ರಿಪೋರ್ಟ್ ಬರೆಯುವುದಿಲ್ಲ, ಸಿಟಿ ಸ್ಕ್ಯಾನ್ ಬೇಕು ಎಂದು ಬರೆಯುತ್ತೇನೆ. ಒಂದೇ ಕಡೆ ಗೋಡೆ ದಪ್ಪವಾಗಿದ್ದರೂ ಅಷ್ಟೇ.

ಕಲ್ಲು ಎಂದೊಡನೆ ಕ್ಯಾನ್ಸರ್ ಎಂದು ಹೆದರಬೇಕಿಲ್ಲ. ಈ ಕ್ಯಾನ್ಸರ್ ಬಂದ ಹೆಚ್ಚಿನವರಲ್ಲಿ ಕಲ್ಲು ಇರುತ್ತದೆ ನಿಜ. ಕಲ್ಲಿದ್ದವರಲ್ಲಿ ಕ್ಯಾನ್ಸರ್ ಆಗುವವರು ತೀರಾ ಕಡಿಮೆ. 3 ಸೆಂಟಿಮೀಟರ್‌ಗಿಂತ ದೊಡ್ಡ ಕಲ್ಲು, ಬಹಳ ವರ್ಷದ ಕಲ್ಲು, ಬೊಜ್ಜು, ಟೈಫಾಯ್ಡ್ ರೋಗಾಣು ಪಿತ್ತಕೋಶದಲ್ಲೇ ಉಳಿದುಬಿಟ್ಟಿರುವುದು, ಇವು ಅಪಾಯ ಹೆಚ್ಚಿಸುತ್ತವೆ. ಕಲಬೆರಕೆ ಸಾಸಿವೆ ಎಣ್ಣೆ, ನೀರಿನ ಆರ್ಸೆನಿಕ್ ಮೇಲೆ ಅನುಮಾನವಿದೆ.

ಇಲ್ಲಿಯವರೇ ಆದ ಹೆಂಗಸಿಗೆ ನೋವು ಕೊಡದ ಸಣ್ಣ ಕಲ್ಲಿದ್ದರೆ ‘ಇರಲಿ ಬಿಡಿ ಅಕ್ಕ’ ಎನ್ನುತ್ತೇನೆ. ಅಸ್ಸಾಮಿನಿಂದ ಬಂದವರಿಗೆ ಅಷ್ಟು ಸುಲಭವಾಗಿ ಹೇಳಲಾರೆ. ‘ನೋವೇ ಇಲ್ಲ, ಯಾಕೆ ಕೊಯ್ಯೋದು ಡಾಕ್ಟ್ರೇ?’ ಎಂದು ಕೇಳುತ್ತಾರೆ, ಕೂಲಿ ಹೋಗುತ್ತದೆ ಎನ್ನುತ್ತಾರೆ. ಆಗ ಚಿಲಿಯ ಮಾತು ಹೇಳುತ್ತೇನೆ. ಅಲ್ಲಿನ ಸರ್ಕಾರ 2006ರಿಂದ 35ರಿಂದ 49 ವಯಸ್ಸಿನ ಕಲ್ಲಿರುವವರಿಗೆ, ಕ್ಯಾನ್ಸರ್ ತಡೆಯಲೆಂದೇ, ಪಿತ್ತಕೋಶ ತೆಗೆಸುವ ಹಕ್ಕು ಕೊಟ್ಟಿದೆ. ಇಲ್ಲಿಯೂ ಸರ್ಜನ್ ಒಬ್ಬರ ಮಾತು ಕೇಳಿ ನಿರ್ಧರಿಸಲಿ ಎಂಬುದು ನನ್ನ ಆಸೆ. ಆಪರೇಷನ್ ಆದವರಿಗೆ ಒಂದೇ ಒತ್ತಾಯ: ತೆಗೆದ ಪಿತ್ತಕೋಶ ಬಯಾಪ್ಸಿಗೆ ಹೋಗಲೇಬೇಕು. ಯಾರೂ ಊಹಿಸದ ಕ್ಯಾನ್ಸರ್ ಎಷ್ಟೋ ಸಲ ಅಲ್ಲೇ ಸಿಗುವುದು.

ಕೊಯ್ಲು ಮುಗಿದರೆ ಇವರಲ್ಲಿ ಹಲವರು ಊರಿಗೆ ರೈಲು ಹತ್ತುತ್ತಾರೆ. ಅನುಮಾನ ಇರುವವರ ಕೈಗೆ ಫಿಲ್ಮ್ ಜೊತೆ ಹಿಂದಿಯಲ್ಲಿ ಒಂದು ಪತ್ರ ಕೊಟ್ಟು, ಗುವಾಹಟಿಯ ಬಿ. ಬರುವಾ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಬರೆದಿರುತ್ತೇನೆ. ಇಲ್ಲೇ ಉಳಿಯುವವರಿಗೆ ಬೆಂಗಳೂರಿನ ಕಿದ್ವಾಯಿ.