ಟಗರು ಮರಿ ಕೊಬ್ಬಿಸುವಾಗ ಹುಲ್ಲಿನಿಂದ ಕಾಳಿಗೆ ದಾಟಿಸುವ ಬಗೆ

ಟಗರು ಮರಿಗಳನ್ನು ಬಯಲಿನಲ್ಲಿ ಮೇಯಿಸಿಯೇ ಬೆಳೆಸಬೇಕೇ ಅಥವಾ ಕೊಟ್ಟಿಗೆಯಲ್ಲಿ ಕಟ್ಟಿ ಕಾಳು, ಹಿಂಡಿ ಕೊಟ್ಟು ಕೊಬ್ಬಿಸಬೇಕೇ ಎಂಬುದಕ್ಕೆ ಎಲ್ಲ ಊರಿಗೂ ಒಂದೇ ಉತ್ತರವಿಲ್ಲ. ಬಳ್ಳಾರಿ, ಡೆಕ್ಕನಿ ಕುರಿಗಳು ಮೈಲಿಗಟ್ಟಲೆ ನಡೆದು ಮೇಯುವ ತಳಿಗಳಾದರೆ, ಮಂಡ್ಯ ಜಿಲ್ಲೆಯ ಮಳವಳ್ಳಿ ಸೀಮೆಯ ಬಂಡೂರು ಟಗರನ್ನು ಮನೆಯ ಮುಂದೆ ಕಟ್ಟಿ ಕೈಯಾರೆ ತಿನ್ನಿಸಿ ಬೆಳೆಸುವ ರೂಢಿ ಹಿಂದಿನಿಂದಲೂ ಇದೆ. ಮರಿ ಹಾಲು ಬಿಟ್ಟು 12–15 ಕೆಜಿ ತೂಗುವವರೆಗೆ ಮೇವಿನ ಮೇಲೆ ಬೆಳೆಸಿ, ಮಾರುವ ಮುನ್ನ ಸುಮಾರು 90 ದಿನ ಮಾತ್ರ ಕಾಳು ಕೊಡುವುದು ಸಣ್ಣ ರೈತರಿಗೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೇವಿನ ಮೇಲೆಯೇ ಬೆಳೆದ ಮರಿಗೆ ಖರ್ಚು ಕಡಿಮೆ, ಆದರೆ ಬೇಸಿಗೆಯಲ್ಲಿ ಬಯಲು ಒಣಗಿದಾಗ ಬೆಳವಣಿಗೆ ನಿಂತೇ ಹೋಗಬಹುದು. ಕುದುರೆ ಮೆಂತ್ಯ, ಅಗಸೆ ಮರದ ಸೊಪ್ಪು, ಶೇಂಗಾ ಹೊಟ್ಟು, ತೊಗರಿ ಹೊಟ್ಟುಗಳನ್ನು ಒದಗಿಸಿದರೆ ಈ ಕೊರತೆಯನ್ನು ಬಹುಪಾಲು ತುಂಬಬಹುದು.

ಎಚ್ಚರ ಬೇಕಾಗಿರುವುದು ಹುಲ್ಲಿನಿಂದ ಕಾಳಿಗೆ ದಾಟಿಸುವ ಮೊದಲ ಮೂರು ವಾರಗಳಲ್ಲಿ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳೇ ಬೇರೆ, ಪಿಷ್ಟವನ್ನು ಕರಗಿಸುವವೇ ಬೇರೆ. ಒಮ್ಮೆಲೇ ಹೆಚ್ಚು ಕಾಳು ಒಳಹೋದರೆ ಎರಡನೆಯ ಗುಂಪು ವಿಪರೀತ ಬೆಳೆದು, ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು, ಮರಿ ಮೆಲುಕು ನಿಲ್ಲಿಸಿ, ಭೇದಿಯಾಗಿ, ಒಂದೆರಡು ದಿನಗಳಲ್ಲೇ ಸಾಯಬಹುದು. ಆದ್ದರಿಂದ ಮರಿಯೊಂದಕ್ಕೆ ದಿನಕ್ಕೆ 100 ಗ್ರಾಂ ಕಾಳಿನ ಮಿಶ್ರಣದಿಂದ ಆರಂಭಿಸಿ, ಮೂರು ದಿನಕ್ಕೊಮ್ಮೆ 50 ಗ್ರಾಂ ಹೆಚ್ಚಿಸುತ್ತಾ, ಮೂರನೆಯ ವಾರದ ಹೊತ್ತಿಗೆ 350–400 ಗ್ರಾಂಗೆ ತರಬೇಕು. ಅದನ್ನೂ ಬೆಳಿಗ್ಗೆ, ಸಂಜೆ ಎಂದು ಎರಡು ಪಾಲು ಮಾಡಿ, ಒಣಮೇವು ತಿನ್ನಿಸಿದ ಮೇಲೆಯೇ ಕೊಡಬೇಕು. ಸಗಣಿ ತೆಳುವಾದರೆ ಕಾಳಿನ ಪ್ರಮಾಣವನ್ನು ಇಳಿಸಿ, ಹೊಟ್ಟೆ ಸರಿಯಾಗುವವರೆಗೆ ಕಾಯಬೇಕು.

ಈ ಮಿಶ್ರಣವನ್ನು ಮನೆಯಲ್ಲಿಯೇ 100 ಕೆಜಿ ಮಾಡಿಕೊಳ್ಳುವುದಾದರೆ ನುಚ್ಚು ಮಾಡಿದ ಮುಸುಕಿನ ಜೋಳ 50, ಶೇಂಗಾ ಹಿಂಡಿ 20, ಗೋಧಿ ಬೂಸಾ 26, ಖನಿಜ ಮಿಶ್ರಣ 2, ಸುಣ್ಣಕಲ್ಲಿನ ಪುಡಿ 1, ಉಪ್ಪು 1 ಕೆಜಿ ಸಾಕು. ಇದರಲ್ಲಿ ಸುಮಾರು ಶೇ. 16 ಪ್ರೋಟೀನ್ ಸಿಗುತ್ತದೆ. ಸುಣ್ಣಕಲ್ಲಿನ ಪುಡಿಯನ್ನು ದಯವಿಟ್ಟು ಬಿಡಬೇಡಿ. ಕಾಳು ಮತ್ತು ಬೂಸಾದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ ಇರುವುದರಿಂದ ಗಂಡು ಮರಿಗಳ ಮೂತ್ರನಾಳದಲ್ಲಿ ಕಲ್ಲು ಕಟ್ಟಬಹುದು; ಮೂತ್ರ ಕಟ್ಟಿ ನರಳುವ ಟಗರನ್ನು ಉಳಿಸುವುದು ಬಹಳ ಕಷ್ಟ. ಶುದ್ಧ ನೀರು ಸದಾ ಎದುರಿಗಿರಬೇಕು. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ವಿಷವಿರಬಹುದಾದ್ದರಿಂದ ಅಗ್ಗಕ್ಕೆ ಸಿಕ್ಕರೂ ಬೇಡ.

ಕಾಳು ಆರಂಭಿಸುವ ಮುನ್ನವೇ ಜಂತುನಾಶಕ ಕೊಡಿಸಿ, ಕರುಳುಬೇನೆಯ (ಎಂಟೆರೊಟಾಕ್ಸೀಮಿಯಾ) ಲಸಿಕೆಯನ್ನೂ ಹಾಕಿಸಿರಬೇಕು, ಏಕೆಂದರೆ ಈ ರೋಗ ಚೆನ್ನಾಗಿ ತಿಂದು ದಷ್ಟಪುಷ್ಟವಾದ ಮರಿಯನ್ನೇ ಮೊದಲು ಹಿಡಿಯುತ್ತದೆ. ಲಸಿಕೆ ಮತ್ತು ಔಷಧಗಳ ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು.

ಬಕ್ರೀದ್ ಸಂತೆಗೆ ಟಗರು ಕಟ್ಟುವವರು ಹಬ್ಬ ಪ್ರತಿವರ್ಷ ಸುಮಾರು 11 ದಿನ ಮುಂಚೆಯೇ ಬರುವುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಅಲ್ಲಿಂದ 90 ದಿನ ಹಿಂದಕ್ಕೆ ಎಣಿಸಿ ಕಾಳು ಆರಂಭಿಸಬೇಕು. ಯಾವ ಸಂತೆಗೆ ಮಾರಿದರೂ 15 ದಿನಕ್ಕೊಮ್ಮೆ, ಬೆಳಿಗ್ಗೆ ತಿನ್ನಿಸುವ ಮೊದಲೇ, ಮರಿಯನ್ನು ತೂಗಿ ಬರೆದಿಡಬೇಕು. ದಿನಕ್ಕೆ 400 ಗ್ರಾಂ ಮಿಶ್ರಣ ತಿಂದು 120 ಗ್ರಾಂ ಬೆಳೆಯುವ ಮರಿ ಒಂದು ಕೆಜಿ ತೂಕ ಏರಲು ಸುಮಾರು 3.3 ಕೆಜಿ ತಿನ್ನುತ್ತದೆ. ಮಿಶ್ರಣಕ್ಕೆ ಕೆಜಿಗೆ 30 ರೂಪಾಯಿ ಬಿದ್ದರೆ ಮೇವು ಬಿಟ್ಟು 100 ರೂಪಾಯಿ ಖರ್ಚು. ಅದೇ ಮರಿಯ ಬೆಳವಣಿಗೆ 60 ಗ್ರಾಂಗೆ ಇಳಿದರೆ ಖರ್ಚು 200 ರೂಪಾಯಿಗೆ ಏರುತ್ತದೆ. ತೂಕದ ಪುಸ್ತಕ ಹೀಗೆ ತೋರಿಸತೊಡಗಿದ ವಾರವೇ ಟಗರನ್ನು ಸಂತೆಗೆ ಹೊಡೆದುಕೊಂಡು ಹೋಗಬೇಕು.