ಕೆರಿಬಿಯನ್‌ನಲ್ಲಿ ಹ್ಯಾಲೋವೀನ್ ಹಡಗುಯಾನ: ಮಕ್ಕಳೊಂದಿಗೆ ಹೊರಡುವವರಿಗೆ

ಹ್ಯಾಲೋವೀನ್ ಕ್ರೂಸ್ ಎಂದರೆ ಹಡಗಿನ ತುಂಬ ವಾರವಿಡೀ ದೆವ್ವಭೂತಗಳ ಆಟವೆಂದು ತಿಳಿದು ಕೆಲವರು ಉತ್ಸಾಹದಿಂದ ಹೊರಡುತ್ತಾರೆ. ಅದೇ ಕಾರಣಕ್ಕೆ ಚಿಕ್ಕ ಮಕ್ಕಳಿರುವ ಮತ್ತೆ ಕೆಲವರು ಹಿಂದೆ ಸರಿಯುತ್ತಾರೆ. ಎರಡೂ ಊಹೆಗಳು ಪೂರ್ತಿ ಸರಿಯಲ್ಲ. ಅಕ್ಟೋಬರ್ 31ರಂದು ವೇಷ ತೊಟ್ಟು ಮಿಠಾಯಿ ಹಂಚುವ ಈ ಹಬ್ಬದ ಗದ್ದಲವೆಲ್ಲ ಹೆಚ್ಚುಕಡಿಮೆ ಒಂದು ಸಂಜೆಗೆ ಸೇರಿದ್ದು, ಉಳಿದ ದಿನಗಳಲ್ಲಿ ಅದು ಚಂಡಮಾರುತದ ಋತುವಿನಲ್ಲಿ ಕೈಗೊಳ್ಳುವ ಸಾಮಾನ್ಯ ಸಮುದ್ರಯಾನವೇ ಆಗಿರುತ್ತದೆ. ವೇಷಭೂಷಣಕ್ಕಾಗಿ ಎರಡು ತಿಂಗಳು ಅಂಗಡಿ ಸುತ್ತಿ, ವೀಸಾ ಮತ್ತು ಹವಾಮಾನದ ಬಗ್ಗೆ ಎರಡು ಗಂಟೆಯೂ ಯೋಚಿಸದೆ ಹೊರಡುವ ಕುಟುಂಬಗಳೇ ಬಂದರಿನಲ್ಲಿ ತೊಂದರೆಗೆ ಸಿಲುಕುತ್ತವೆ. ಆದ್ದರಿಂದ ಇಲ್ಲಿ ವೇಷದ ಮಾತು ಸ್ವಲ್ಪ ತಡವಾಗಿ ಬರುತ್ತದೆ.

ಮೊದಲು ಯಾವ ಹಡಗು, ಯಾವ ದಿನಾಂಕ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಮಕ್ಕಳಿರುವ ಕುಟುಂಬಗಳಿಗಾಗಿ ಈ ಹಬ್ಬವನ್ನು ಅತ್ಯಂತ ವ್ಯವಸ್ಥಿತವಾಗಿ ನಡೆಸುವುದು ಡಿಸ್ನಿ ಕ್ರೂಸ್ ಲೈನ್. ಅದರ 'ಹ್ಯಾಲೋವೀನ್ ಆನ್ ದ ಹೈ ಸೀಸ್' ಯಾನಗಳು ಶರತ್ಕಾಲದ ವಾರಗಳಲ್ಲಿ ನಡೆದು ಅಕ್ಟೋಬರ್ 31ರ ಸುಮಾರಿಗೆ ಮುಗಿಯುತ್ತವೆ. ಹಡಗಿನ ನಡುಮನೆಯಂತಿರುವ ಏಟ್ರಿಯಮ್‌ನಲ್ಲಿ ಕುಂಬಳಕಾಯಿ ಮರವೊಂದನ್ನು ನಿಲ್ಲಿಸುತ್ತಾರೆ, ಮಕ್ಕಳಿಗೆ ಕಡಲಿನ ಕಥೆಗಳನ್ನು ಹೇಳುತ್ತಾರೆ, ಒಂದು ಸಂಜೆ ಎಲ್ಲರೂ ವೇಷ ತೊಟ್ಟು ಸೇರುವ ಕೂಟವಿರುತ್ತದೆ ಮತ್ತು ಮಿಠಾಯಿ ಹಂಚುತ್ತಾರೆ. ಕಾರ್ನಿವಲ್, ರಾಯಲ್ ಕೆರಿಬಿಯನ್ ಹಡಗುಗಳಲ್ಲಿಯೂ ಅಕ್ಟೋಬರ್ ಕೊನೆಯಲ್ಲಿ ವೇಷಸ್ಪರ್ಧೆ ಮತ್ತು ಅಲಂಕಾರ ಇರುತ್ತವೆ. ಆದರೆ ಅಲ್ಲಿ ಹಬ್ಬದ ಕಳೆ 31ನೇ ತಾರೀಖಿನ ಆಸುಪಾಸಿಗೆ ಸೀಮಿತವಾಗಿರುವುದರಿಂದ, ಆ ದಿನವನ್ನು ಒಳಗೊಂಡ ಯಾನವನ್ನೇ ಆರಿಸಿಕೊಳ್ಳುವುದು ಕ್ಷೇಮ. ಡಿಸ್ನಿಯಲ್ಲಿ ದರ ಹೆಚ್ಚು. ಮಗುವಿಗೆ ಐದಾರು ವರ್ಷವಾಗಿದ್ದರೆ ಆ ಹೆಚ್ಚುವರಿ ಹಣ ಸಾರ್ಥಕವೆಂದೂ, ಮಕ್ಕಳು ಹದಿಹರೆಯದವರಾಗಿದ್ದರೆ ಜಾರುಬಂಡೆ, ಬಂಡೆ ಹತ್ತುವ ಗೋಡೆಗಳಂಥವು ಧಾರಾಳವಾಗಿರುವ ರಾಯಲ್ ಕೆರಿಬಿಯನ್‌ನ ದೊಡ್ಡ ಹಡಗುಗಳೇ ಹೆಚ್ಚು ಒಪ್ಪುತ್ತವೆಂದೂ ನನ್ನ ಅಭಿಪ್ರಾಯ. ಕೈಗೂಸುಗಳ ವಿಷಯದಲ್ಲಿ ನಿಯಮ ಕಟ್ಟುನಿಟ್ಟಾಗಿದೆ: ಸಾಮಾನ್ಯವಾಗಿ ಆರು ತಿಂಗಳು ತುಂಬಿರಬೇಕು, ಕೆಲವು ದೀರ್ಘ ಯಾನಗಳಿಗೆ ಒಂದು ವರ್ಷ ಆಗಿರಬೇಕು. ಯಾನದ ಅವಧಿಯಲ್ಲಿ 24ನೇ ವಾರವನ್ನು ಮುಟ್ಟುವ ಗರ್ಭಿಣಿಯರನ್ನು ಹತ್ತಿಸಿಕೊಳ್ಳುವುದಿಲ್ಲ.

ಮಾರ್ಗದ ಆಯ್ಕೆಯಲ್ಲಿ ಒಂದು ಸೂಕ್ಷ್ಮವಿದೆ. ಫ್ಲಾರಿಡಾದಿಂದ ಹೊರಡುವ ಮೂರು ನಾಲ್ಕು ರಾತ್ರಿಗಳ ಯಾನಗಳು ಬಹುಮಟ್ಟಿಗೆ ಬಹಾಮಾಸ್‌ಗೆ ಹೋಗಿಬರುತ್ತವೆ. ಬಹಾಮಾಸ್ ಇರುವುದು ಅಟ್ಲಾಂಟಿಕ್ ಸಾಗರದಲ್ಲಿಯೇ ಹೊರತು ಕೆರಿಬಿಯನ್ ಸಮುದ್ರದಲ್ಲಲ್ಲ, ಆದರೂ ಕಂಪನಿಗಳು ಎರಡನ್ನೂ ಒಟ್ಟಿಗೆ ಸೇರಿಸಿ ಮಾರುವುದುಂಟು. ನಿಜವಾದ ಕೆರಿಬಿಯನ್ ನೋಡಬೇಕಾದರೆ ಏಳು ರಾತ್ರಿಗಳ ಯಾನ ಬೇಕು. ಪೂರ್ವದ ಮಾರ್ಗದಲ್ಲಿ ಸೇಂಟ್ ಥಾಮಸ್, ಸ್ಯಾನ್ ವಾನ್, ಟೊರ್ಟೊಲಾ ಮುಂತಾದ ಬಂದರುಗಳು ಸಿಗುತ್ತವೆ. ಪಶ್ಚಿಮದ ಮಾರ್ಗದಲ್ಲಿ ಮೆಕ್ಸಿಕೊದ ಕೊಜುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾದ ಫಾಲ್ಮತ್ ಸಿಗುತ್ತವೆ. ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆಯಿಲ್ಲದ ಕಾರಣ ಸಣ್ಣ ದೋಣಿಗಳಲ್ಲಿ ದಡ ಸೇರಬೇಕು, ಗಾಳಿ ಜೋರಾದರೆ ಆ ನಿಲುಗಡೆಯೇ ರದ್ದಾಗುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಅಂದು ಬೆಳಿಗ್ಗೆಯ ನಿರಾಸೆ ಅಷ್ಟು ತೀವ್ರವಾಗಿರುವುದಿಲ್ಲ.

ಗಾಳಿಯ ಮಾತು ಬಂದುದರಿಂದ ಹವಾಮಾನವನ್ನು ಇಲ್ಲಿಯೇ ವಿವರಿಸುವುದು ಸೂಕ್ತ. ಅಟ್ಲಾಂಟಿಕ್ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಇರುತ್ತದೆ. ಅದರ ಉತ್ತುಂಗ ಸೆಪ್ಟೆಂಬರ್ 10ರ ಸುಮಾರಿಗೆ ಬಂದುಹೋಗುವುದರಿಂದ ಅಕ್ಟೋಬರ್ ಕೊನೆಗೆ ಅಪಾಯ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ, ಅಕ್ಟೋಬರ್‌ನಲ್ಲಿ ಮಾರುತಗಳು ಹುಟ್ಟುವ ನೆಲೆ ಬೆಚ್ಚಗಿನ ಪಶ್ಚಿಮ ಕೆರಿಬಿಯನ್ ಕಡೆಗೆ ಸರಿಯುತ್ತದೆ. 2005ರ ಅಕ್ಟೋಬರ್‌ನಲ್ಲಿ ಕೊಜುಮೆಲ್ ಮೇಲೆ ಎರಗಿದ ವಿಲ್ಮಾ, 2012ರ ಅಕ್ಟೋಬರ್‌ನಲ್ಲಿ ಜಮೈಕಾ, ಕ್ಯೂಬಾ ಮತ್ತು ಬಹಾಮಾಸ್‌ಗಳನ್ನು ಹಾದು ಅಮೆರಿಕದ ಪೂರ್ವ ಕರಾವಳಿಗೆ ಬಂದ ಸ್ಯಾಂಡಿ, 2025ರ ಅಕ್ಟೋಬರ್ 28ರಂದು ಅತ್ಯಂತ ತೀವ್ರವಾದ ಐದನೇ ವರ್ಗದ ಬಲದೊಂದಿಗೆ ಜಮೈಕಾಕ್ಕೆ ಅಪ್ಪಳಿಸಿದ ಮೆಲಿಸಾ, ಇವೆಲ್ಲವೂ ಹ್ಯಾಲೋವೀನ್‌ಗೆ ಹತ್ತಿರದ ದಿನಗಳಲ್ಲಿಯೇ ಬಂದವು. ಹಡಗು ಮಾರುತಕ್ಕಿಂತ ವೇಗವಾಗಿ ಚಲಿಸಬಲ್ಲದಾದ್ದರಿಂದ ಕಪ್ತಾನರು ಅದರ ದಾರಿಯನ್ನು ತಪ್ಪಿಸಿಯೇ ಸಾಗುತ್ತಾರೆ. ಪ್ರಯಾಣಿಕರು ಹೆದರಬೇಕಾದುದು ಜೀವಕ್ಕಲ್ಲ, ಮಾರ್ಗ ಬದಲಾಗುವುದಕ್ಕೆ. ಪಶ್ಚಿಮಕ್ಕೆಂದು ಹೊರಟ ಹಡಗು ಪೂರ್ವಕ್ಕೆ ತಿರುಗಬಹುದು, ಎರಡು ಬಂದರುಗಳ ಬದಲು ಎರಡು ದಿನ ಕಡಲಲ್ಲೇ ಕಳೆಯಬಹುದು, ಮರಳಿ ಬರುವುದು ಒಂದು ದಿನ ತಡವಾಗಬಹುದು. ಟಿಕೆಟ್ ಕರಾರಿನಲ್ಲಿ ಈ ಬದಲಾವಣೆಯ ಹಕ್ಕು ಕಂಪನಿಗೆ ಇರುತ್ತದೆ. ತಪ್ಪಿದ ಬಂದರಿನ ಶುಲ್ಕಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಪ್ರಯಾಣ ವಿಮೆಯನ್ನು ಮುಂಗಡ ಕಟ್ಟಿದ ದಿನಗಳಲ್ಲಿಯೇ ಮಾಡಿಸಬೇಕು, ಏಕೆಂದರೆ ಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ಮಾರುತದ ನಷ್ಟವನ್ನು ತುಂಬಿಕೊಡುವುದಿಲ್ಲ. ಹಡಗು ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯುವುದು ಬೇಡ. ಅಮೆರಿಕದ ಒಳಗಿನಿಂದ ಬರುವವರು ಒಂದು ದಿನ ಮೊದಲು, ಬೆಂಗಳೂರಿನಿಂದ ಬರುವ ಅಜ್ಜ ಅಜ್ಜಿಯರು ಎರಡು ಮೂರು ದಿನ ಮೊದಲು ಫ್ಲಾರಿಡಾ ತಲುಪಿರಲಿ.

ಇನ್ನು ಕಾಗದಪತ್ರಗಳು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಒಂದೇ ಮನೆಯಲ್ಲಿ ಮೂರು ಬಗೆಯ ದಾಖಲೆಗಳಿರುವುದು ಸಾಮಾನ್ಯ, ಹಾಗಾಗಿ ಒಬ್ಬೊಬ್ಬರದನ್ನೂ ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಅಲ್ಲಿಯೇ ಹುಟ್ಟಿದ ಮಕ್ಕಳು, ಹೊರಟ ಬಂದರಿಗೇ ಮರಳುವ ಯಾನಗಳಲ್ಲಿ, ಜನನ ಪ್ರಮಾಣಪತ್ರದ ಮೇಲೆ ಹೋಗಿಬರಬಹುದು. ಆದರೂ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಏಕೆಂದರೆ ಕಾಯಿಲೆಯಿಂದಲೋ ಹಡಗು ತಪ್ಪಿಯೋ ದ್ವೀಪವೊಂದರಿಂದ ವಿಮಾನ ಹತ್ತಬೇಕಾದರೆ ಜನನ ಪ್ರಮಾಣಪತ್ರ ಸಾಲದು. ಗ್ರೀನ್ ಕಾರ್ಡ್, ಅಂದರೆ ಅಮೆರಿಕದ ಕಾಯಂ ವಾಸದ ಪರವಾನಗಿ, ಇರುವವರು ಅದರೊಂದಿಗೆ ಭಾರತದ ಪಾಸ್‌ಪೋರ್ಟನ್ನೂ ಒಯ್ಯಬೇಕು.

ಉದ್ಯೋಗದ ಎಚ್-1ಬಿ ವೀಸಾ ಮತ್ತು ಅವರ ಸಂಗಾತಿ, ಮಕ್ಕಳಿಗೆ ಕೊಡುವ ಎಚ್-4 ವೀಸಾದಲ್ಲಿರುವವರು ಇಲ್ಲಿ ಹೆಚ್ಚು ಗಮನ ಕೊಡಬೇಕು. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ವಲಸೆ ಇಲಾಖೆ ಕೊಡುವ ಐ-797 ಅನುಮೋದನೆ ಪತ್ರದ ಬಲದಿಂದ ಅಮೆರಿಕದಲ್ಲಿ ಉಳಿಯುವುದು ಕಾನೂನುಬದ್ಧವೇ. ಆದರೆ ಹಡಗು ಬೇರೆ ದೇಶವನ್ನು ಮುಟ್ಟಿ ಬಂದರೆ ಅದು ದೇಶ ಬಿಟ್ಟು ಮರಳಿದಂತೆಯೇ ಆಗುತ್ತದೆ. ಮುದ್ರೆ ಮುಗಿದವರು ಮೂವತ್ತು ದಿನಗಳೊಳಗೆ ಮರಳಲು ಅವಕಾಶ ಕೊಡುವ ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಎಂಬ ನಿಯಮವು ಎಚ್ ವರ್ಗದವರಿಗೆ ಕೆನಡಾ ಮತ್ತು ಮೆಕ್ಸಿಕೊಗಳಿಗೆ ಮಾತ್ರ ಅನ್ವಯಿಸುತ್ತದೆ. ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳಿಗೆ ಮತ್ತು ವಿನಿಮಯ ಸಂದರ್ಶಕರಿಗೆ ಮಾತ್ರವೇ ಕ್ಯೂಬಾ ಬಿಟ್ಟು ಸುತ್ತಲಿನ ದ್ವೀಪಗಳಿಗೂ ಅದು ವಿಸ್ತರಿಸುತ್ತದೆ. ಕೊಜುಮೆಲ್‌ಗೆ ಮಾತ್ರ ಹೋಗುವ ಹಡಗಾದರೆ ತೊಂದರೆಯಿಲ್ಲವೆಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಮಾರುತದ ದೆಸೆಯಿಂದ ಅದೇ ಹಡಗು ಬಹಾಮಾಸ್‌ಗೆ ತಿರುಗಿದರೆ ಆ ಲೆಕ್ಕವೇ ತಲೆಕೆಳಗಾಗುತ್ತದೆ. ಮುದ್ರೆ ಚಾಲ್ತಿಯಲ್ಲಿ ಇಲ್ಲದವರು ಈ ಋತುವಿನಲ್ಲಿ ಹಡಗು ಹತ್ತದಿರುವುದೇ ಸರಿ ಎಂದು ಖಚಿತವಾಗಿ ಹೇಳುತ್ತೇನೆ. ಭಾರತದಿಂದ ಬರುವವರಿಗೆ ಹಲವು ಬಾರಿ ಪ್ರವೇಶಿಸಬಹುದಾದ ಅಮೆರಿಕದ ಸಂದರ್ಶಕ ವೀಸಾ ಬೇಕು, ಅದರ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಿಲ್ಲ. ಉಳಿದ ದ್ವೀಪಗಳ ನಿಯಮವನ್ನು ಹಣ ಪೂರ್ತಿ ಕಟ್ಟುವ ಮೊದಲೇ ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ. ತಂದೆ ಅಥವಾ ತಾಯಿ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ನೋಟರಿ ಸಹಿಯುಳ್ಳ ಒಪ್ಪಿಗೆಪತ್ರ ಜೊತೆಗಿರಲಿ.

ಈಗ ವೇಷ. ಮೊದಲ ನಿಯಮ ಆಯುಧಗಳದು: ನಿಜವಾದ ಕತ್ತಿ, ಬಂದೂಕುಗಳಂತೆ ತೋರುವ ಯಾವುದೇ ವಸ್ತು ಬಂದರಿನ ತಪಾಸಣೆಯಲ್ಲಿಯೇ ನಿಂತುಬಿಡುತ್ತದೆ. ಮಗಳಿಗೆ ಕಿತ್ತೂರು ಚೆನ್ನಮ್ಮನ ವೇಷ ಹಾಕಿಸುವ ಆಸೆಯಿದ್ದರೆ, ಮತ್ತು ಅದು ಬಹಳ ಒಳ್ಳೆಯ ಆಸೆ, ಖಡ್ಗವಿಲ್ಲದೆಯೇ ಆಕೆ ಚೆನ್ನಮ್ಮನೆಂದು ತೋರುವಂತೆ ಕಚ್ಚೆ ಸೀರೆ, ಪೇಟ, ಹಣೆಯ ಕುಂಕುಮಗಳಲ್ಲಿಯೇ ಪಾತ್ರವನ್ನು ಕಟ್ಟಬೇಕು. ಎರಡನೆಯದನ್ನು ಹೆಚ್ಚಿನವರು ಕೇಳಿಯೇ ಇರುವುದಿಲ್ಲ: ಬಾರ್ಬಡೋಸ್, ಜಮೈಕಾ, ಸೇಂಟ್ ಲೂಸಿಯಾ, ಟ್ರಿನಿಡಾಡ್ ಮೊದಲಾದ ದೇಶಗಳಲ್ಲಿ ಸೈನಿಕರ ಹಸಿರುಮಚ್ಚೆಯ ಬಟ್ಟೆಯನ್ನು ನಾಗರಿಕರು ತೊಡುವುದು ಅಪರಾಧ, ಮಕ್ಕಳಿಗೂ ಅದರಿಂದ ವಿನಾಯಿತಿಯಿಲ್ಲ. ಸೈನಿಕನ ವೇಷವಷ್ಟೇ ಅಲ್ಲ, ಅದೇ ಚಿತ್ತಾರದ ಟೋಪಿ, ಬೆನ್ನುಚೀಲಗಳನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಮುಖವನ್ನು ಪೂರ್ತಿ ಮುಚ್ಚುವ ಮುಖವಾಡ ದೊಡ್ಡವರಿಗೆ ಬೇಡ. ರಕ್ತಸಿಕ್ತ ರೂಪಗಳನ್ನು ಕುಟುಂಬಗಳ ಹಡಗಿನಲ್ಲಿ ಯಾರೂ ಇಷ್ಟಪಡುವುದಿಲ್ಲ.

ಅಕ್ಟೋಬರ್ ಕೊನೆಯಲ್ಲೂ ಅಲ್ಲಿ ಹಗಲಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದು ಗಾಳಿ ತೇವದಿಂದ ತುಂಬಿರುತ್ತದೆ, ಒಳಗಿನ ಎಸಿ ಮಾತ್ರ ಚಳಿ ಹುಟ್ಟಿಸುತ್ತದೆ. ಆದ್ದರಿಂದ ತುಪ್ಪಳದ ಕರಡಿ ವೇಷಕ್ಕಿಂತ, ತೆಳು ಹತ್ತಿಯ ಮೇಲೆ ಸುಲಭವಾಗಿ ತೆಗೆದಿಡಬಹುದಾದ ಹೊದಿಕೆ ಇರುವ ವೇಷ ಲೇಸು. ಸುಕ್ಕಾಗುವ ಬಟ್ಟೆ ಬೇಡ, ಏಕೆಂದರೆ ಇಸ್ತ್ರಿಪೆಟ್ಟಿಗೆಯನ್ನು ಕೋಣೆಗೆ ತರುವಂತಿಲ್ಲ. ಮೇಣದಬತ್ತಿಗೂ ನಿಷೇಧವಿದೆ, ಕುಂಬಳಕಾಯಿಯ ದೀಪ ಬೇಕೆನಿಸಿದರೆ ಬ್ಯಾಟರಿಯದು ತನ್ನಿ. ಕೋಣೆಯ ಬಾಗಿಲುಗಳು ಬಹುತೇಕ ಲೋಹದವಾದ್ದರಿಂದ ಆಯಸ್ಕಾಂತ ಹಚ್ಚಿದ ಬಾವಲಿ, ಜೇಡಗಳನ್ನು ಅಂಟಿಸಿ ಅಲಂಕರಿಸಬಹುದು, ಅಂಟುಟೇಪು ಬಳಸಬಾರದು. ದೊಡ್ಡ ಪೆಟ್ಟಿಗೆಗಳು ಕೋಣೆಗೆ ಬರುವುದು ಸಂಜೆಯಾಗಬಹುದು. ಕೂಟ ಮೊದಲ ರಾತ್ರಿಯೇ ಇದ್ದರೆ ವೇಷ ಕೈಚೀಲದಲ್ಲಿರಬೇಕು. ಔಷಧಿ, ಈಜುಡುಗೆಗಳೂ ಅದರಲ್ಲೇ ಇರಲಿ.

ಹೆದರಿಕೆಯ ವಿಷಯವನ್ನು ಕಿರಿಯ ಮಗುವಿನ ಅಳತೆಯಲ್ಲಿಯೇ ನಿರ್ಧರಿಸಬೇಕು. ಮೊದಲ ದಿನ ಹಗಲಿನಲ್ಲಿಯೇ ಅಲಂಕಾರಗಳ ಬಳಿ ಕರೆದೊಯ್ದು, ಇದು ಕಾಗದ, ಇದು ದೀಪ ಎಂದು ಮುಟ್ಟಿಸಿ ತೋರಿಸಿದರೆ ರಾತ್ರಿ ಅದೇ ಜಾಗ ಅಷ್ಟು ಭೀತಿ ಹುಟ್ಟಿಸದು. 'ನಾಳೆ ಬಾ' ಎಂದು ಬಾಗಿಲ ಮೇಲೆ ಬರೆದು ದೆವ್ವವನ್ನು ದಿನವೂ ಹಿಂದಕ್ಕೆ ಕಳಿಸುತ್ತಿದ್ದ ನಮ್ಮೂರುಗಳ ಕಥೆಯನ್ನು ಹೇಳಿ, ಕೋಣೆಯ ಬಾಗಿಲಿಗೂ ಅದೇ ಎರಡು ಪದಗಳನ್ನು ಮಗುವಿನ ಕೈಯಿಂದಲೇ ಬರೆಸಿ ಆಯಸ್ಕಾಂತದಿಂದ ಸಿಕ್ಕಿಸಬಹುದು. ದೆವ್ವವನ್ನು ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆ ಎಂಬ ಭರವಸೆಯಿಂದ ಮಗು ನಿದ್ದೆ ಹೋಗುತ್ತದೆ.

ಮಿಠಾಯಿಯ ವಿಚಾರದಲ್ಲಿ ಸಸ್ಯಾಹಾರಿ ಮನೆಗಳು ಎಚ್ಚರ ವಹಿಸಬೇಕಾಗುತ್ತದೆ. ಮಾರ್ಷ್‌ಮ್ಯಾಲೊ, ಗಮ್ಮಿ ಬೇರ್ ಮಾತ್ರವಲ್ಲ, ಹ್ಯಾಲೋವೀನ್‌ನ ಗುರುತೇ ಆಗಿರುವ ಕ್ಯಾಂಡಿ ಕಾರ್ನ್‌ನಲ್ಲಿಯೂ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಹಂಚುವವರ ಎದುರು ಮಗುವಿನ ಕೈಯಿಂದ ಕಿತ್ತುಕೊಳ್ಳುವ ಬದಲು, ಕೋಣೆಗೆ ಮರಳಿದ ಮೇಲೆ ಮನೆಯಿಂದ ತಂದ ಚಾಕೊಲೇಟಿನೊಡನೆ ಅದಲುಬದಲು ಮಾಡುವ ಒಪ್ಪಂದವನ್ನು ಮುಂಚಿತವಾಗಿಯೇ ಮಾಡಿಕೊಳ್ಳುವುದು ಉತ್ತಮ. ಊಟದ ಚಿಂತೆ ಅಷ್ಟಿಲ್ಲ. ಭಾರತೀಯ ಸಸ್ಯಾಹಾರ ಬೇಕೆಂದು ಕಾಯ್ದಿರಿಸುವಾಗಲೇ ತಿಳಿಸಿ, ಮೊದಲ ರಾತ್ರಿ ಮುಖ್ಯ ಬಡಿಸುವವರೊಂದಿಗೆ ಮಾತಾಡಿದರೆ ಮರುದಿನದಿಂದ ಅನ್ನ, ಬೇಳೆ, ಪಲ್ಯ ದೊರೆಯುತ್ತವೆ.

ದಡಕ್ಕಿಳಿದಾಗ ಗಡಿಯಾರದ ಬಗ್ಗೆ ಜಾಗರೂಕರಾಗಿರಬೇಕು. ಕೊಜುಮೆಲ್, ಜಮೈಕಾ, ಕೇಮನ್‌ಗಳಲ್ಲಿ ಬೇಸಿಗೆ ಸಮಯದ ಪದ್ಧತಿ ಇಲ್ಲ. ಫ್ಲಾರಿಡಾದಲ್ಲಿ ಅದು ನವೆಂಬರ್ ಮೊದಲ ಭಾನುವಾರದವರೆಗೂ ನಡೆಯುತ್ತದೆ. ಹೀಗಾಗಿ ಅಕ್ಟೋಬರ್‌ನಲ್ಲಿ ಫ್ಲಾರಿಡಾ ಸಮಯವನ್ನೇ ಪಾಲಿಸುವ ಹಡಗಿಗಿಂತ ದಡದ ಗಡಿಯಾರ ಒಂದು ಗಂಟೆ ಹಿಂದಿರುತ್ತದೆ. ಮೊಬೈಲು ತಾನಾಗಿ ಸ್ಥಳೀಯ ಸಮಯಕ್ಕೆ ಬದಲಾಗಿ, ನಾಲ್ಕಕ್ಕೆ ಮರಳಬೇಕಾದವರು ಹಡಗಿನ ಐದಕ್ಕೆ ಬಂದು ಖಾಲಿ ಕಟ್ಟೆ ನೋಡಿ ನಿಲ್ಲುವಂತಾಗುತ್ತದೆ. ಹಡಗಿನ ಸಮಯಕ್ಕೆ ಹೊಂದಿಸಿದ ಸಾಮಾನ್ಯ ಕೈಗಡಿಯಾರವೊಂದು ಇದಕ್ಕೆ ಸಾಕು. ಸೇಂಟ್ ಥಾಮಸ್‌ನಲ್ಲಿ ಇಳಿಯುವವರು ಸನ್‌ಸ್ಕ್ರೀನ್ ಡಬ್ಬಿಯನ್ನೂ ನೋಡಿಕೊಳ್ಳಬೇಕು. ಹವಳದ ದಿಬ್ಬಗಳನ್ನು ಕಾಪಾಡಲು ಆಕ್ಸಿಬೆನ್‌ಜೋನ್, ಆಕ್ಟಿನೊಕ್ಸೇಟ್ ಎಂಬ ರಾಸಾಯನಿಕಗಳಿರುವವುಗಳನ್ನು, ಸೇಂಟ್ ಥಾಮಸ್ ಸೇರಿರುವ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ 2020ರಿಂದ ನಿಷೇಧಿಸಲಾಗಿದೆ.

ಯಾನ ನವೆಂಬರ್ ಮೊದಲ ದಿನಗಳಿಗೂ ಚಾಚಿಕೊಂಡು ಕೊಜುಮೆಲ್ ನಿಲುಗಡೆ ಆಗ ಬಂದರೆ ಅದನ್ನು ಭಾಗ್ಯವೆಂದೇ ತಿಳಿಯಬೇಕು. ನವೆಂಬರ್ 1 ಮತ್ತು 2ರಂದು ಮೆಕ್ಸಿಕೊದವರು ಅಗಲಿದ ಹಿರಿಯರನ್ನು ಮನೆಗೆ ಬರಮಾಡಿಕೊಳ್ಳುವ ದಿಯಾ ದೆ ಮುಯೆರ್ತೋಸ್ ಆಚರಿಸುತ್ತಾರೆ. ಪಟದ ಮುಂದೆ ಅವರಿಗೆ ಇಷ್ಟವಾದ ಅಡುಗೆಯನ್ನಿಟ್ಟು ಚೆಂಡು ಹೂವಿನಿಂದ ದಾರಿ ಹಾಸುತ್ತಾರೆ. ನಮ್ಮ ಆಯುಧಪೂಜೆಗೆ ರಾಶಿ ರಾಶಿ ಬರುವ ಆ ಚೆಂಡು ಹೂವಿನ ತವರು ಮೆಕ್ಸಿಕೊವೇ. ಪಿತೃಪಕ್ಷದಲ್ಲಿ ಎಡೆ ಇಡುವುದನ್ನು ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ನವೆಂಬರ್ 1ರಂದೇ ರಾಜ್ಯೋತ್ಸವವೂ ಆದ್ದರಿಂದ ಪೆಟ್ಟಿಗೆಯಲ್ಲಿ ಒಂದು ಹಳದಿ ಕೆಂಪು ಶಾಲು ಇದ್ದರೆ ಚೆನ್ನ.

ಕೊನೆಯ ರಾತ್ರಿಯ ಬಗ್ಗೆ ಒಂದು ಮಾತು. ಪೆಟ್ಟಿಗೆಗಳನ್ನು ಇಳಿಯುವ ಹಿಂದಿನ ರಾತ್ರಿಯೇ ಕೋಣೆಯ ಹೊರಗೆ ಇಡಬೇಕು. 31ರ ಕೂಟ ಅದೇ ರಾತ್ರಿ ಬಿದ್ದರೆ ಕುಣಿತದ ನಡುವೆ ಕಟ್ಟುವ ಅವಸರವಾಗುತ್ತದೆ. ಹಾಗಾಗಿ ಮಧ್ಯಾಹ್ನವೇ ಎಲ್ಲವನ್ನೂ ಕಟ್ಟಿ, ಪಾಸ್‌ಪೋರ್ಟುಗಳನ್ನೂ ಮರುದಿನ ಬೆಳಿಗ್ಗೆ ತೊಡುವ ಬಟ್ಟೆ ಚಪ್ಪಲಿಗಳನ್ನೂ ಪ್ರತ್ಯೇಕವಾಗಿ ಕೈಚೀಲದಲ್ಲಿಟ್ಟುಕೊಳ್ಳಿ. ಮಲಗುವ ಮೊದಲು ಮಕ್ಕಳ ಮುಖದ ಬಣ್ಣವನ್ನು ತೆಂಗಿನೆಣ್ಣೆಯಿಂದ ಪೂರ್ತಿ ಒರೆಸಿ ತೆಗೆಯಿರಿ, ಏಕೆಂದರೆ ಬೆಳಿಗ್ಗೆ ಇಮಿಗ್ರೇಶನ್ ಅಧಿಕಾರಿಯ ಕ್ಯಾಮೆರಾದ ಮುಂದೆ ಆ ಮುಖ ಪಾಸ್‌ಪೋರ್ಟಿನ ಚಿತ್ರಕ್ಕೆ ಹೊಂದಿಕೆಯಾಗಬೇಕು.