ಒಂದು ಯುಪಿಎಸ್, ಮೂರು ಯಂತ್ರ: ಆಫ್ ಆಗುವ ಕ್ರಮವನ್ನು ನಾನು ಹೊಂದಿಸಿದ ಬಗೆ

ಮನೆಯ ಸರ್ವರ್‌ಗಳಿಗೆ ಯುಪಿಎಸ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದು ಕೊಡುವುದು ಕೆಲವು ನಿಮಿಷಗಳ ಕಾಲಾವಕಾಶ. ಆ ಅವಧಿಯಲ್ಲಿ ಯಾವ ಯಂತ್ರ ಮೊದಲು ಆಫ್ ಆಗಬೇಕು, ಅದಕ್ಕೆ ಯಾರು ಹೇಳಬೇಕು, ಕರೆಂಟ್ ಬಂದ ಮೇಲೆ ಯಾರು ಎಬ್ಬಿಸಬೇಕು ಎಂಬುದು ಮೊದಲೇ ಗೊತ್ತಾಗಿರದಿದ್ದರೆ ಬ್ಯಾಟರಿ ಬರಿದಾದ ಕ್ಷಣ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಯುಪಿಎಸ್ ಇಲ್ಲದಿದ್ದರೂ ಆಗುತ್ತಿದ್ದುದು ಅದೇ, ಸ್ವಲ್ಪ ತಡವಾಗಿ ಅಷ್ಟೆ.

ನನ್ನಲ್ಲಿರುವುದು ಮೂರು ಯಂತ್ರಗಳು. ಕಡತಗಳನ್ನೆಲ್ಲ ಇಟ್ಟುಕೊಂಡಿರುವ ಸ್ಟೋರೇಜ್ ಸರ್ವರ್ ಒಂದು. ಡೆಬಿಯನ್ ಎಂಬ ಲಿನಕ್ಸ್ ಹಾಕಿ ನಾನೇ ಜೋಡಿಸಿದ್ದು. ಪ್ರಾಕ್ಸ್‌ಮಾಕ್ಸ್ ಓಡಿಸುವ, ಹಲವು ವರ್ಚುವಲ್ ಯಂತ್ರಗಳನ್ನು (ಒಂದೇ ಯಂತ್ರದೊಳಗೆ ತಂತ್ರಾಂಶದ ರೂಪದಲ್ಲಿ ಓಡುವ ಬೇರೆ ಬೇರೆ ಕಂಪ್ಯೂಟರುಗಳನ್ನು) ಹೊತ್ತ ದೊಡ್ಡ ಸರ್ವರ್ ಇನ್ನೊಂದು. ಅವನ್ನು ನಡೆಸುವ ವ್ಯವಸ್ಥೆಯೇ ಪ್ರಾಕ್ಸ್‌ಮಾಕ್ಸ್. ಮೂರನೆಯದು ಒಂದೇ ಫಲಕದ ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ. ಮೂರೂ ಒಂದೇ ಯುಪಿಎಸ್‌ಗೆ ಸೇರಿವೆ. ಆದರೆ ಯುಪಿಎಸ್‌ನ ಹಿಂಬದಿಯಲ್ಲಿರುವ ಯುಎಸ್‌ಬಿ ಕಿಂಡಿ ಒಂದೇ. ಅದರ ಕೇಬಲ್ ಯಾವ ಯಂತ್ರಕ್ಕೆ ಹೋಗುತ್ತದೆಯೋ ಅದಕ್ಕೆ ಮಾತ್ರ ಕರೆಂಟ್ ಹೋದ ಸುದ್ದಿ ತಿಳಿಯುತ್ತದೆ. ಉಳಿದವುಗಳಿಗೆ ಅದನ್ನು ನೆಟ್‌ವರ್ಕ್ ಮೂಲಕ ಮುಟ್ಟಿಸಬೇಕು. ಇದಕ್ಕೆ ನಾನು ಬಳಸಿದ್ದು ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶ. ಬಳಸುವವರೆಲ್ಲ ಅದನ್ನು ನಟ್ ಎಂದೇ ಕರೆಯುತ್ತಾರೆ.

ಕೇಬಲ್ ಯಾರಿಗೆ ಎಂಬ ಪ್ರಶ್ನೆಗೆ ಹಲವರು ದೊಡ್ಡ ಸರ್ವರನ್ನೇ ತೋರಿಸುತ್ತಾರೆ. ನಾನು ಪೈ ಆರಿಸಿಕೊಂಡೆ. ಯುಪಿಎಸ್‌ನೊಂದಿಗೆ ಮಾತಾಡುವ ಯಂತ್ರ ಎಲ್ಲಕ್ಕಿಂತ ಕೊನೆಗೆ ಆಫ್ ಆಗಬೇಕು, ಎಲ್ಲಕ್ಕಿಂತ ಮೊದಲು ಏಳಬೇಕು. ಹಾಗಿದ್ದ ಮೇಲೆ ಅದು ಕೆಲವೇ ವಾಟ್ ಕುಡಿಯುವಂಥದ್ದಾಗಿರಬೇಕು, ಕೆಲವೇ ಸೆಕೆಂಡುಗಳಲ್ಲಿ ಆಫ್ ಆಗುವಂತಿರಬೇಕು. ಜೊತೆಗೆ ನೆಟ್‌ವರ್ಕ್ ಸ್ವಿಚ್ ಕೂಡ ಯುಪಿಎಸ್ ಮೇಲೆಯೇ ಇರಬೇಕು. ಇದನ್ನು ಮರೆಯುವವರು ಬಹಳ. ಸ್ವಿಚ್ ಗೋಡೆಯ ಪ್ಲಗ್‌ನಲ್ಲಿದ್ದರೆ ಕರೆಂಟ್ ಹೋದ ಕೂಡಲೇ ಸುದ್ದಿಯ ದಾರಿಯೇ ಮುಚ್ಚಿಹೋಗುತ್ತದೆ.

ಅನುಸ್ಥಾಪನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೈ ಮೇಲೆ ನಟ್ ಹಾಕಿ, ಅದರೊಂದಿಗೇ ಬರುವ ಸ್ಕ್ಯಾನರ್ ಓಡಿಸಿದರೆ ಯಾವ ಡ್ರೈವರ್ ಬೇಕೆಂದು ಅದೇ ಹೇಳುತ್ತದೆ. ನನ್ನದು ಯುಎಸ್‌ಬಿ‌ಎಚ್‌ಐಡಿ ಡ್ರೈವರ್‌ಗೆ ಒಗ್ಗುವ ಯುಪಿಎಸ್. ಡ್ರೈವರ್ ಅನುಮತಿ ಸಾಲದೆಂದು ತಕರಾರು ತೆಗೆದರೆ ಯುಎಸ್‌ಬಿ ಕೇಬಲನ್ನು ಒಮ್ಮೆ ಕಿತ್ತು ಚುಚ್ಚಿ. ಸಾಧನವನ್ನು ಯಾರು ಬಳಸಬಹುದೆಂದು ಹೇಳುವ ಹೊಸ ಯುಡೆವ್ ನಿಯಮಗಳು ಆಗ ಜಾರಿಗೆ ಬರುತ್ತವೆ. ಪೈ ಮೇಲೆ ಮೋಡ್ ನೆಟ್‌ಸರ್ವರ್, ಉಳಿದೆರಡರ ಮೇಲೆ ನೆಟ್‌ಕ್ಲೈಂಟ್. ಸರ್ವರ್ ಭಾಗವಾದ ಅಪ್ಸ್‌ಡಿ ಸಹಜವಾಗಿ ತನ್ನ ಯಂತ್ರದೊಳಗಿನ ಕರೆಗಳಿಗೆ ಮಾತ್ರ ಓಗೊಡುತ್ತದೆ. ಅದಕ್ಕೆ ಪೈನ ಐಪಿ ವಿಳಾಸದಲ್ಲೂ ಕಿವಿಗೊಡಲು ಹೇಳಬೇಕು, ಫೈರ್‌ವಾಲ್‌ನಲ್ಲಿ 3493ನೇ ಟಿಸಿಪಿ ಪೋರ್ಟ್ ತೆರೆಯಬೇಕು. 2022ರ 2.8.0 ಆವೃತ್ತಿಯಿಂದ ಯಂತ್ರಗಳ ಪಾತ್ರಗಳಿಗೆ ಪ್ರೈಮರಿ, ಸೆಕೆಂಡರಿ ಎಂಬ ಹೆಸರು ಬಂದಿದೆ. ಇಲ್ಲಿ ಪೈ ಪ್ರೈಮರಿ, ಉಳಿದೆರಡು ಸೆಕೆಂಡರಿ. ಅದಕ್ಕಿಂತ ಹಳೆಯ ಆವೃತ್ತಿ ಇರುವ ಕಡೆ ಮಾಸ್ಟರ್, ಸ್ಲೇವ್ ಎಂದೇ ಬರೆಯಬೇಕು. ಸಿದ್ಧ ಸ್ಟೋರೇಜ್ ಪೆಟ್ಟಿಗೆ ಇರುವವರಿಗೆ ಒಂದು ಸೂಚನೆ: ಸಿನಾಲಜಿ ಯಂತ್ರಗಳು ಯುಪಿಎಸ್‌ನ ಹೆಸರು 'ಯುಪಿಎಸ್', ಬಳಕೆದಾರ 'ಮಾನ್‌ಯೂಸರ್', ಗುಪ್ತಪದ 'ಸೀಕ್ರೆಟ್' ಎಂದೇ ನಿರೀಕ್ಷಿಸುತ್ತವೆ. ಪೈ ಮೇಲೆಯೂ ಅವೇ ಹೆಸರುಗಳನ್ನು ಸಣ್ಣಕ್ಷರಗಳಲ್ಲಿ ಇಟ್ಟರೆ ಸಲೀಸು.

ನಿಜವಾದ ಕೆಲಸ ಶುರುವಾಗುವುದು ಲೆಕ್ಕದಿಂದ. ಹೆಚ್ಚಿನವರು ಯುಪಿಎಸ್ ತಾನಾಗಿ 'ಬ್ಯಾಟರಿ ಕಡಿಮೆ' ಎಂದು ಕೂಗುವವರೆಗೆ ಕಾಯುತ್ತಾರೆ. ಆ ಕೂಗು ಯಾವಾಗ ಬರಬೇಕೆಂದು ತಯಾರಕರು ಕೂರಿಸಿದ ಅಂಕಿಗೂ ನಮ್ಮ ಯಂತ್ರಗಳು ಆಫ್ ಆಗಲು ಹಿಡಿಯುವ ಸಮಯಕ್ಕೂ ಯಾವ ಸಂಬಂಧವೂ ಇಲ್ಲ. ಹಾಗಾಗಿ ನಾನು ಕೊನೆಯಿಂದ ಹಿಂದಕ್ಕೆ ಎಣಿಸಿದೆ. ಗಡಿಯಾರ ಹಿಡಿದು ಒಂದೊಂದೇ ಯಂತ್ರವನ್ನು ಆಫ್ ಮಾಡಿ ನೋಡಿದೆ. ಪೈಗೆ ಹದಿನೈದು ಸೆಕೆಂಡ್ ಧಾರಾಳ. ಸ್ಟೋರೇಜ್ ಸರ್ವರ್‌ಗೆ ಎರಡು ನಿಮಿಷ. ದೊಡ್ಡ ಸರ್ವರ್‌ನದು ಮಾತ್ರ ಬೇರೆಯೇ ಕಥೆ. ಎಲ್ಲ ಸರಿಯಿದ್ದಾಗ ಅದು ಒಂದು ನಿಮಿಷದೊಳಗೆ ಮುಗಿಸುತ್ತದೆ. ಆದರೆ ಒಂದು ವರ್ಚುವಲ್ ಯಂತ್ರ ಮೊಂಡು ಹಿಡಿದರೂ ಪ್ರಾಕ್ಸ್‌ಮಾಕ್ಸ್ ಅದಕ್ಕಾಗಿ 180 ಸೆಕೆಂಡ್ ಕಾಯುತ್ತದೆ. ಯಾರೂ ಬದಲಿಸದಿದ್ದರೆ ಇರುವ ಅಂಕಿ ಅದು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ಕೆಟ್ಟ ದಿನವನ್ನೇ. ಅದಕ್ಕೆ ನಾಲ್ಕು ನಿಮಿಷ ಬರೆದುಕೊಂಡೆ.

ಕ್ರಮವೂ ಮುಖ್ಯ. ದೊಡ್ಡ ಸರ್ವರ್‌ನ ವರ್ಚುವಲ್ ಯಂತ್ರಗಳು ಸ್ಟೋರೇಜ್ ಸರ್ವರ್‌ನ ಫೋಲ್ಡರ್‌ಗಳನ್ನು ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಕಡತ ವ್ಯವಸ್ಥೆಯ ಮೂಲಕ ಬಳಸುತ್ತವೆ. ಸ್ಟೋರೇಜ್ ಮೊದಲು ಮಾಯವಾದರೆ ಅವು ಬಾರದ ಉತ್ತರಕ್ಕಾಗಿ ಕಾಯುತ್ತಾ ನೇತಾಡುತ್ತವೆ. ಮೊಂಡು ಹಿಡಿಯುವುದೆಂದರೆ ಇದೇ. ಆದ್ದರಿಂದ ಮೊದಲು ದೊಡ್ಡದು, ಆಮೇಲೆ ಸ್ಟೋರೇಜ್, ಕೊನೆಗೆ ಪೈ.

ನಟ್ ಇದನ್ನು ತಾನಾಗಿ ಮಾಡಿಕೊಡುತ್ತದೆಯೇ? ಅರ್ಧ ಮಾತ್ರ. ಯುಪಿಎಸ್ ಮೇಲೆ ಕಣ್ಣಿಡುವ ನಟ್‌ನ ಭಾಗಕ್ಕೆ ಅಪ್ಸ್‌ಮಾನ್ ಎಂದು ಹೆಸರು. ಬ್ಯಾಟರಿ ಕಡಿಮೆಯಾದಾಗ ಪ್ರೈಮರಿ ಯಂತ್ರದ ಅಪ್ಸ್‌ಮಾನ್ 'ಬಲವಂತದ ಶಟ್‌ಡೌನ್' ಎಂಬ ಗುರುತನ್ನು ಏರಿಸುತ್ತದೆ. ಸೆಕೆಂಡರಿಗಳು ಅದನ್ನು ನೋಡಿ, ತಮ್ಮ ಫೈನಲ್‌ಡಿಲೇ ಮುಗಿಯುವವರೆಗೆ ಕಾದು, ಆಫ್ ಆಗುವ ಆಜ್ಞೆ ಕೊಟ್ಟು, ಸಂಪರ್ಕ ಕಡಿದುಕೊಳ್ಳುತ್ತವೆ. ಎಲ್ಲರೂ ಸಂಪರ್ಕ ಕಡಿದ ಮೇಲೆ, ಇಲ್ಲವೇ ಹೋಸ್ಟ್‌ಸಿಂಕ್ ಎಂಬ ಗಡುವು ಮುಗಿದ ಮೇಲೆ, ಪ್ರೈಮರಿ ತನ್ನ ದಾರಿ ಹಿಡಿಯುತ್ತದೆ. ಆ ಗಡುವು ಮೂಲದಲ್ಲಿ 15 ಸೆಕೆಂಡ್. ಸೆಕೆಂಡರಿ ಸಂಪರ್ಕ ಕಡಿದುಕೊಳ್ಳುವುದು ಆಫ್ ಆಗಲು ಹೊರಟಾಗ; ಆಫ್ ಆಗಿ ಮುಗಿದಾಗ ಅಲ್ಲ. ಆಚೆ ದೊಡ್ಡ ಸರ್ವರ್ ಇನ್ನೂ ವರ್ಚುವಲ್ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸುತ್ತಿರುತ್ತದೆ, ಈಚೆ ಪೈ 'ಎಲ್ಲರೂ ಹೋದರು' ಎಂದು ಯುಪಿಎಸ್ ಹೊರಗೆ ಕೊಡುವ ಕರೆಂಟನ್ನೇ ಕಡಿಸುವ ಆಜ್ಞೆಯತ್ತ ಸಾಗುತ್ತಿರುತ್ತದೆ.

ಇದಕ್ಕೆ ನಾನು ಮಾಡಿದ್ದು ಇಷ್ಟು. ದೊಡ್ಡ ಸರ್ವರ್‌ನ ಫೈನಲ್‌ಡಿಲೇ ಮೂಲದ 5 ಸೆಕೆಂಡಿಗೇ ಇರಲಿ ಎಂದು ಬಿಟ್ಟೆ. ಸ್ಟೋರೇಜ್ ಸರ್ವರ್‌ನದನ್ನು 240ಕ್ಕೆ ಏರಿಸಿದೆ: ದೊಡ್ಡದು ಪೂರ್ತಿ ಮಲಗುವವರೆಗೆ ಅದು ಎಚ್ಚರವಾಗಿರುತ್ತದೆ. ಪೈನದು 400. ಈ 400ರೊಳಗೆ ಸ್ಟೋರೇಜ್ ಕಾಯುವ ನಾಲ್ಕು ನಿಮಿಷ, ಅದು ಆಫ್ ಆಗುವ ಎರಡು ನಿಮಿಷ, ಮೇಲೆ ಒಂದಿಷ್ಟು ಉಸಿರಾಟದ ಜಾಗ ಎಲ್ಲವೂ ಅಡಗಿವೆ. ಹೋಸ್ಟ್‌ಸಿಂಕ್ ಮೇಲೆ ಭಾರ ಹಾಕುವುದನ್ನೇ ಬಿಟ್ಟೆ. ಯುಪಿಎಸ್ ಹೊರಗಡೆ ಕರೆಂಟ್ ಕಡಿಯುವ ಮುನ್ನ ಕಾಯುವ ಆಫ್‌ಡಿಲೇಯನ್ನು ಮೂಲದ 20ರಿಂದ 60ಕ್ಕೆ ತಂದೆ. ಒಟ್ಟು ಸೇರಿಸಿದರೆ ಎಂಟು ನಿಮಿಷ ದಾಟುತ್ತದೆ. ಅದಕ್ಕೆ ಅರ್ಧದಷ್ಟು ಸೇರಿಸಿ, ಹನ್ನೆರಡು ನಿಮಿಷದ ಓಟ ಉಳಿದಿರುವಾಗಲೇ, ಅಂದರೆ 720 ಸೆಕೆಂಡಿಗೆ, 'ಬ್ಯಾಟರಿ ಕಡಿಮೆ' ಎಂದು ಪರಿಗಣಿಸಲು ಹೇಳಿದೆ. ಯುಪಿಎಸ್‌ನ ಸ್ವಂತ ಕೂಗನ್ನು ಕಡೆಗಣಿಸುವ ಇಗ್ನೋರ್‌ಎಲ್‌ಬಿ ಆಯ್ಕೆ, ಉಳಿದ ಸಮಯದ ಕನಿಷ್ಠ ಮಿತಿ ಎರಡನ್ನೂ ಡ್ರೈವರ್‌ನ ಕಡತದಲ್ಲಿ ಬರೆದರೆ ತೀರ್ಮಾನ ನಮ್ಮ ಕೈಗೆ ಬರುತ್ತದೆ.

ಉಳಿದ ಸಮಯದ ಆ ಅಂಕಿಯನ್ನು ಎಷ್ಟು ನಂಬಬಹುದು? ಅದು ಯುಪಿಎಸ್‌ನ ಅಂದಾಜು. ಹೊರೆ ಇಮ್ಮಡಿಯಾದರೆ ಲೆಡ್ ಆಸಿಡ್ ಬ್ಯಾಟರಿಯ ಓಟ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಹಳೆಯ ಬ್ಯಾಟರಿಯಲ್ಲಿ ಶೇಕಡ 60 ಇದ್ದದ್ದು ನೋಡನೋಡುತ್ತಲೇ 20ಕ್ಕೆ ಬೀಳಬಹುದು. ಆದ್ದರಿಂದ ಶೇಕಡ 40ಕ್ಕೆ ಇಳಿದರೂ ಸಾಕು, ಆಗಲೂ ಆಫ್ ಆಗಬೇಕೆಂದು ಎರಡನೆಯ ಮಿತಿಯನ್ನೂ ಇಟ್ಟಿದ್ದೇನೆ. ಯಾವುದು ಮೊದಲು ಬಂದರೆ ಅದು. ಕೆಲವು ಅಗ್ಗದ ಯುಪಿಎಸ್‌ಗಳು ಬ್ಯಾಟರಿಯ ವೋಲ್ಟೇಜ್ ಬಿಟ್ಟು ಬೇರೇನೂ ಹೇಳುವುದಿಲ್ಲ. ಅಂಥವಕ್ಕೆ ಈ ಅಂಕಿಗಳನ್ನೆಲ್ಲ ನಟ್ ಊಹಿಸಬೇಕಾಗುತ್ತದೆ. ಅಲ್ಲಿ ಟೈಮರ್ ನಂಬುವುದೇ ಮೇಲು.

ಟೈಮರ್ ನನ್ನಲ್ಲೂ ಇದೆ, ಬೇರೆ ಕಾರಣಕ್ಕೆ. ನನ್ನ ಹೊರೆಯಲ್ಲಿ ಸಿಂಹಪಾಲು ದೊಡ್ಡ ಸರ್ವರ್‌ನದು. ಕರೆಂಟ್ ಇಲ್ಲದಾಗ ಅದು ಓಡಲೇಬೇಕೆಂಬ ಅಗತ್ಯವೇನೂ ಇಲ್ಲ. ಅದನ್ನು ಬೇಗ ಮಲಗಿಸಿದರೆ ಅದೇ ಬ್ಯಾಟರಿಯಲ್ಲಿ ಸ್ಟೋರೇಜ್, ಸ್ವಿಚ್, ಪೈ ಬಹಳ ಹೊತ್ತು ಬಾಳುತ್ತವೆ. ಹಾಗಾಗಿ ಅದರ ಮೇಲೆ ನಟ್‌ನ ಟೈಮರ್ ಆದ ಅಪ್ಸ್‌ಶೆಡ್ ಕೂರಿಸಿ, ಬ್ಯಾಟರಿಗೆ ಬಿದ್ದ ಕೂಡಲೇ ಮೂರು ನಿಮಿಷದ ಎಣಿಕೆ ಶುರುವಾಗುವಂತೆ, ಅಷ್ಟರೊಳಗೆ ಕರೆಂಟ್ ಬಂದರೆ ಎಣಿಕೆ ರದ್ದಾಗುವಂತೆ ಬರೆದೆ. ಎಣಿಕೆ ಮುಗಿದರೆ ಅದು ತನ್ನನ್ನು ಮಾತ್ರ ಆಫ್ ಮಾಡಿಕೊಳ್ಳುತ್ತದೆ. ಇಲ್ಲೊಂದು ಸಣ್ಣ ತೊಡಕು: ಈ ಸ್ಕ್ರಿಪ್ಟ್ ಓಡುವುದು ನಟ್‌ನ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ, ಅವನಿಗೆ ಯಂತ್ರವನ್ನು ನೇರವಾಗಿ ಆಫ್ ಮಾಡುವ ಅಧಿಕಾರವಿಲ್ಲ. ಅಪ್ಸ್‌ಮಾನ್‌ಗೆ ಬಲವಂತದ ಶಟ್‌ಡೌನ್ ಸೂಚನೆ ಕಳಿಸುವುದೇ ಸರಿಯಾದ ದಾರಿ. ಅದರ ಒಂದು ಪಾಲು ರೂಟ್ (ಪೂರ್ಣಾಧಿಕಾರದ ಬಳಕೆದಾರ) ಆಗಿ ಓಡುತ್ತಿರುತ್ತದೆ, ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ಇದೇ ಸೂಚನೆಯನ್ನು ಪೈ ಮೇಲೆ ಕೊಟ್ಟರೆ ಮೂರೂ ಯಂತ್ರಗಳು ಆಫ್ ಆಗುತ್ತವೆ ಎಂಬುದು ನೆನಪಿರಲಿ.

ಮಲಗಿಸುವುದಕ್ಕಿಂತ ಎಬ್ಬಿಸುವುದು ಕಷ್ಟ. ನಾನು ಹೆಚ್ಚು ಹೊತ್ತು ಕಳೆದದ್ದೂ ಇಲ್ಲೇ.

ಮೊದಲನೆಯದು ಬಯಾಸ್, ಅಂದರೆ ಯಂತ್ರ ಆನ್ ಆದಾಗ ಎಲ್ಲಕ್ಕಿಂತ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ. ಕರೆಂಟ್ ಮರಳಿದಾಗ ಏನು ಮಾಡಬೇಕೆಂಬ ಆಯ್ಕೆ ಅಲ್ಲಿದೆ: ಆನ್ ಆಗು, ಆಫ್ ಆಗಿಯೇ ಇರು, ಹಿಂದಿನ ಸ್ಥಿತಿಗೆ ಹೋಗು. ಮೂರನೆಯದು ಕೇಳಲು ಬಲು ಸಮಂಜಸ ಎನಿಸುತ್ತದೆ. ಆದರೆ ಕರೆಂಟ್ ಕಡಿಯುವಷ್ಟರಲ್ಲಿ ನಮ್ಮ ಯಂತ್ರ ಅಚ್ಚುಕಟ್ಟಾಗಿ ಆಫ್ ಆಗಿರುತ್ತದೆ. ಹಿಂದಿನ ಸ್ಥಿತಿ ಎಂದರೆ ಆಫ್. ಯಂತ್ರ ಆ ಸ್ಥಿತಿಯನ್ನು ಪ್ರಾಮಾಣಿಕವಾಗಿ ಕಾಪಾಡಿಕೊಂಡು ಬರುತ್ತದೆ! 'ಆನ್ ಆಗು' ಎಂಬುದನ್ನೇ ಆರಿಸಬೇಕು. ಪೈಗೆ ಈ ಗೊಡವೆಯಿಲ್ಲ, ಕರೆಂಟ್ ತಾಗಿದರೆ ಸಾಕು, ಏಳುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಎಲ್ಲ ಆಫ್ ಆಗುತ್ತಿರುವಾಗಲೇ ಕರೆಂಟ್ ಬಂದರೆ? ಬಲವಂತದ ಶಟ್‌ಡೌನ್ ಒಮ್ಮೆ ಶುರುವಾದರೆ ಹಿಂದಕ್ಕೆ ಬರುವುದಿಲ್ಲ. ಯಂತ್ರಗಳು ಆಫ್ ಆಗುತ್ತವೆ, ಯುಪಿಎಸ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಬಯಾಸ್ ಕಣ್ಣಿಗೆ ಕರೆಂಟ್ ಹೋಗಿಯೇ ಇಲ್ಲ, ಹಾಗಾಗಿ ಯಾರೂ ಏಳುವುದಿಲ್ಲ. ಪರಿಹಾರ ಯುಪಿಎಸ್‌ನದೇ: ಅದು ಹೊರಗಡೆ ಕರೆಂಟನ್ನು ಬೇಕೆಂದೇ ಒಮ್ಮೆ ಕಡಿದು ಮತ್ತೆ ಕೊಡಬೇಕು. ಪೈ ಆಫ್ ಆಗುವ ಕಟ್ಟಕಡೆಯ ಹಂತದಲ್ಲಿ, ಡಿಸ್ಕ್‌ಗಳೆಲ್ಲ ಕಳಚಿದ ಮೇಲೆ, ಕಿಲ್‌ಪವರ್ ಎಂಬ ಗುರುತಿನ ಕಡತ ಇದೆಯೇ ಎಂದು ನೋಡುವ ಪುಟ್ಟ ಸ್ಕ್ರಿಪ್ಟ್ ಓಡುತ್ತದೆ. ಇದ್ದರೆ ಯುಪಿಎಸ್‌ಗೆ ಕಡಿತದ ಆಜ್ಞೆ ಹೋಗುತ್ತದೆ. ಆಫ್‌ಡಿಲೇ ಮುಗಿದಾಗ ಕಡಿತ, ಆನ್‌ಡಿಲೇ ಮುಗಿದಾಗ ಮರಳಿಕೆ. ಆನ್‌ಡಿಲೇ ಯಾವಾಗಲೂ ಆಫ್‌ಡಿಲೇಗಿಂತ ದೊಡ್ಡದಿರಬೇಕು, ನನ್ನದು 120. ಕೆಲವು ಯುಪಿಎಸ್‌ಗಳಿಗೆ ನಿಮಿಷದ ಭಾಷೆ ಮಾತ್ರ ತಿಳಿಯುವುದರಿಂದ ಎರಡನ್ನೂ 60ರ ಗುಣಕಗಳಲ್ಲಿ ಇಡುವುದು ಕ್ಷೇಮ.

ಮೂರನೆಯದು, ಬೇಗ ಮಲಗಿದ ದೊಡ್ಡ ಸರ್ವರ್. ಅದು ಮಲಗಿದ ಮೇಲೆ, ಉಳಿದವು ಎಚ್ಚರವಿರುವಾಗಲೇ ಕರೆಂಟ್ ಬಂದರೆ ಯುಪಿಎಸ್ ಏನನ್ನೂ ಕಡಿಯುವುದಿಲ್ಲ, ಬಯಾಸ್‌ಗೂ ಏನೂ ತಿಳಿಯುವುದಿಲ್ಲ. ಪೈ ಮೇಲಿನ ಅಪ್ಸ್‌ಶೆಡ್ ಕರೆಂಟ್ ಬಂದ ಐದು ನಿಮಿಷದ ನಂತರ ವೇಕ್ ಆನ್ ಲ್ಯಾನ್ ಪ್ಯಾಕೆಟ್ ಕಳಿಸಿ ಅದನ್ನು ಎಬ್ಬಿಸುತ್ತದೆ. ಐದು ನಿಮಿಷ ಯಾಕೆಂದರೆ ಬಂದ ಕರೆಂಟ್ ಮತ್ತೆ ಹೋಗುವುದುಂಟು. ಅದಲ್ಲದೆ, ಇನ್ನೂ ಆಫ್ ಆಗುತ್ತಿರುವ ಯಂತ್ರಕ್ಕೆ ಕಳಿಸಿದ ಪ್ಯಾಕೆಟ್ ವ್ಯರ್ಥ. ಎಲ್ಲವೂ ಒಟ್ಟಿಗೆ ಏಳುವ ಸಂದರ್ಭಕ್ಕೆಂದು ಪ್ರಾಕ್ಸ್‌ಮಾಕ್ಸ್‌ನಲ್ಲಿ ವರ್ಚುವಲ್ ಯಂತ್ರಗಳ ಆರಂಭವನ್ನು ತಡಮಾಡುವ ಆಯ್ಕೆಯನ್ನೂ ಬಳಸಿದ್ದೇನೆ, ಸ್ಟೋರೇಜ್ ಮೊದಲು ಸಿದ್ಧವಾಗಲಿ ಎಂದು.

ಇಷ್ಟನ್ನೂ ಪರೀಕ್ಷಿಸದೆ ನಂಬುವಂತಿಲ್ಲ. ಮೊದಲ ಸುತ್ತಿನಲ್ಲಿ ಮೂರೂ ಕಡೆ ಆಫ್ ಆಗುವ ಆಜ್ಞೆಯ ಜಾಗದಲ್ಲಿ ಲಾಗ್‌ನಲ್ಲಿ ಒಂದು ಸಾಲು ಬರೆಯುವ ಆಜ್ಞೆ ಇಟ್ಟು, ಪೈ ಮೇಲೆ ಬಲವಂತದ ಶಟ್‌ಡೌನ್ ಸೂಚನೆ ಕೊಟ್ಟೆ. ಯಾರೂ ಆಫ್ ಆಗುವುದಿಲ್ಲ, ಆದರೆ ಯಾರು ಯಾವ ಸೆಕೆಂಡಿಗೆ ಹೊರಟರೆಂಬುದು ಲಾಗ್‌ಗಳನ್ನು ಅಕ್ಕಪಕ್ಕ ಇಟ್ಟರೆ ಕಾಣುತ್ತದೆ. ಆಮೇಲೆ ನಟ್‌ನ ಸೇವೆಗಳನ್ನೆಲ್ಲ ಮತ್ತೆ ಶುರುಮಾಡಲೇಬೇಕು. ಇಲ್ಲವಾದರೆ ಬಲವಂತದ ಗುರುತು ಹಾಗೆಯೇ ನಿಂತಿರುತ್ತದೆ, ಕಿಲ್‌ಪವರ್ ಕಡತವೂ ಉಳಿದಿರುತ್ತದೆ. ಮುಂದೆ ಪೈಯನ್ನು ಸುಮ್ಮನೆ ರೀಬೂಟ್ ಮಾಡಿದರೂ ಮನೆಯ ಸರ್ವರ್‌ಗಳೆಲ್ಲ ಧಡಕ್ಕನೆ ಆಫ್ ಆದಾವು. ಎರಡನೆಯ ಸುತ್ತಿಗೆ ನಿಜವಾದ ಆಜ್ಞೆಗಳನ್ನು ಮರಳಿಸಿ ಯುಪಿಎಸ್‌ನ ಪ್ಲಗ್ ಕಿತ್ತೆ. ಮೂರನೆಯ ಸುತ್ತಿನಲ್ಲಿ ಶಟ್‌ಡೌನ್ ಅರ್ಧ ದಾರಿಯಲ್ಲಿರುವಾಗ ಪ್ಲಗ್ ಮತ್ತೆ ಚುಚ್ಚಿದೆ. ಈ ಮೂರನೆಯದನ್ನು ಯಾರೂ ಬಿಡಬಾರದು. ಗೋಡೆಯಲ್ಲಿ ಕರೆಂಟ್ ಇರುವಾಗ ಕಡಿತದ ಆಜ್ಞೆಯನ್ನು ಪಾಲಿಸದ ಯುಪಿಎಸ್‌ಗಳೂ ಇವೆ. ಅಂಥದ್ದು ಇದ್ದರೆ ಅದರ ಭರವಸೆಯಲ್ಲಿ ಕೂರದೆ, ಯುಪಿಎಸ್ ಆಚೆಗಿನ ಯಾವುದಾದರೂ ಯಂತ್ರದಿಂದ ವೇಕ್ ಆನ್ ಲ್ಯಾನ್ ವ್ಯವಸ್ಥೆ ಮಾಡಿಕೊಳ್ಳಬೇಕು.

ಲೆಡ್ ಆಸಿಡ್ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ, ಶಾಖ ಹೆಚ್ಚಿದ್ದರೆ ಅದಕ್ಕೂ ಕಡಿಮೆ. ಹೊಸ ಬ್ಯಾಟರಿ ಹಾಕಿದಾಗ, ಯಂತ್ರವೊಂದನ್ನು ಸೇರಿಸಿದಾಗ, ಅಥವಾ ವರ್ಚುವಲ್ ಯಂತ್ರಗಳ ಸಂಖ್ಯೆ ಬೆಳೆದಾಗ ನಾನು ಮತ್ತೆ ಗಡಿಯಾರ ಹಿಡಿಯುತ್ತೇನೆ. 240, 400, 720 ನನ್ನ ಯಂತ್ರಗಳ ಅಂಕಿಗಳು. ನಿಮ್ಮವು ನಿಮ್ಮ ಅಳತೆಯಿಂದಲೇ ಬರಬೇಕು.